ಹೊಸ ಲ್ಯಾಪ್‌ಟಾಪ್‌ಗಾಗಿ ಕಾದ ಮೂರು ತಿಂಗಳು

2024ರ ಜೂನ್. ಮುಂಬೈಯ ಪೂರ್ವ ಉಪನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಸ್ಪೀಚ್ ಥೆರಪಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂಬುದು ದೊಡ್ಡ ಮಾತು. ವಿಭಾಗದಲ್ಲಿ ಇದ್ದವರು ನಾನು ಮತ್ತು ಶ್ರವಣ ಪರೀಕ್ಷೆ ಮಾಡುವ ಒಬ್ಬ ಸಹೋದ್ಯೋಗಿ, ಅಷ್ಟೆ. ಮೈಸೂರಿನಲ್ಲಿ ಓದು ಮುಗಿಸಿ ಈ ಊರಿಗೆ ಬಂದು ಆಗಲೇ ಇಪ್ಪತ್ತೇಳು ವರ್ಷವಾಗಿತ್ತು. ಹಿಂದಿ, ಮರಾಠಿ, ಗುಜರಾತಿ ಮೂರರಲ್ಲೂ ಚಿಕಿತ್ಸೆ ಕೊಡಲು ಕಲಿತಿದ್ದೆ. ಕನ್ನಡದಲ್ಲಿ ಕೊಡುವ ಅವಕಾಶ ಅಪರೂಪ. ಹಾಗಾಗಿ ಬಾಗಿಲ ಮೇಲಿನ ನನ್ನ ಹೆಸರು ಓದಿಕೊಂಡು ಒಳಗೆ ಬಂದವರೊಬ್ಬರು "ನೀವು ನಮ್ಮ ಕಡೇವ್ರೇನ್ರಿ ಮೇಡಮ್ಮಾರ?" ಎಂದಾಗ ಖುಷಿಯಾಯಿತು. ಅವರ ಕೈಯಲ್ಲಿದ್ದ ನರರೋಗ ತಜ್ಞರ ಚೀಟಿ ನೋಡಿದ ಮೇಲೆ ಆ ಖುಷಿ ಉಳಿಯಲಿಲ್ಲ.

ಅವರ ಹೆಸರು ಈರಣ್ಣ. ವಯಸ್ಸು ಐವತ್ತೊಂದು. ವಿಜಯಪುರದ ಕಡೆಯವರು, ಮನೆ ಆಂಟಾಪ್ ಹಿಲ್‌ನಲ್ಲಿ. ಜೊತೆಗೆ ಹೆಂಡತಿ ನೀಲವ್ವ, ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಮಗಳು ಸವಿತಾ. ಚೀಟಿಯಲ್ಲಿದ್ದದ್ದು ಮೋಟಾರ್ ನ್ಯೂರಾನ್ ಕಾಯಿಲೆ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುವ ರೋಗ ಇದು, ತಡೆಯುವ ಮದ್ದಿಲ್ಲ. ಕೆಲವರಲ್ಲಿ ಕೈಕಾಲಿನಿಂದ ಶುರುವಾಗುತ್ತದೆ, ಕೆಲವರಲ್ಲಿ ನಾಲಗೆಯಿಂದ. ಈರಣ್ಣನವರದು ನಾಲಗೆಯಿಂದ ಶುರುವಾಗಿತ್ತು. ನಡಿಗೆ ಗಟ್ಟಿಯಿತ್ತು, ಕೈ ಹಿಡಿತ ಗಟ್ಟಿಯಿತ್ತು. ಮಾತು ಮಾತ್ರ ಸಂಜೆಯ ಹೊತ್ತಿಗೆ ಎಳೆಯತೊಡಗಿತ್ತು.

"ಸೈಟಿನಾಗ ಎಲ್ಲಾರೂ ಅಂತಾರ್ರಿ, ಈರಣ್ಣ ಕುಡದ ಬಂದಾನ ಅಂತ," ಎಂದರು ನೀಲವ್ವ. "ಒಂದ ದಿನಾ ಮುಟ್ಟಿದ ಮನಷ್ಯಾ ಅಲ್ಲರೀ ಇವ್ರು."

ಈರಣ್ಣ ಸೆಂಟ್ರಿಂಗ್ ಮುಕಾದಮ, ಅಂದರೆ ಕೆಲಸಗಾರರ ಮೇಸ್ತ್ರಿ. ಕಾಂಕ್ರೀಟ್ ಸುರಿಯುವ ಮೊದಲು ಹಲಗೆ ಕಟ್ಟಿ, ಕೆಳಗಿನಿಂದ ಕಬ್ಬಿಣದ ಆಸರೆ ಕೊಡುವ ಕೆಲಸಕ್ಕೆ ಸೆಂಟ್ರಿಂಗ್ ಎನ್ನುತ್ತಾರೆ. ಆ ಆಸರೆಗಳಿಗೆ ಸೈಟಿನಲ್ಲಿ ಜ್ಯಾಕ್ ಎಂದು ಹೆಸರು. ಒಂದು ಜ್ಯಾಕ್ ಸಡಿಲವಿದ್ದರೂ ಸ್ಲ್ಯಾಬ್ ಕೆಳಗೆ ಬರಬಹುದು. ಸುರಿಯುವ ಮುಂಚೆ ಮೂವತ್ತು ಜನರನ್ನು ಕೂಗಿ ಕೇಳಿ, ಉತ್ತರ ಪಡೆದು, ಆಮೇಲೆ ಹಸಿರು ನಿಶಾನೆ ಕೊಡುವವರು ಇವರು.

"ನನ್ನ ಕೆಲಸ ಕೈಯಿಂದಲ್ಲರೀ, ಬಾಯಿಂದ," ಎಂದರು ಈರಣ್ಣ. "ಘಾಟ್ಕೋಪರದಾಗ ಒಂದು ಬಿಲ್ಡಿಂಗ್ ನಡದೈತಿ. ಹದಿನಾಕ ಮಾಳಗಿ. ಅದನ್ನ ಮುಗಸತೇನಿ. ಅಲ್ಲೀತನಕಾ ದನಿ ಉಳಸ್ರಿ."

ಉಳಿಸುತ್ತೇನೆಂದು ನಾನು ಹೇಳುವಂತಿರಲಿಲ್ಲ. ಬದಲಿಗೆ ದನಿಯನ್ನು ಕೂಡಿಡುವ ದಾರಿ ಹೇಳಿದೆ. ರೋಗಿಯ ಸ್ವಂತ ದನಿಯಲ್ಲಿ ಬೇಕಾದ ಮಾತುಗಳನ್ನು ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನ ಪರದೆಯ ಮೇಲೆ ಗುಂಡಿಗಳಾಗಿ ಜೋಡಿಸುತ್ತೇವೆ. ಗುಂಡಿ ಒತ್ತಿದರೆ ಅವರ ದನಿಯೇ ಕೇಳುತ್ತದೆ. ಮುಂದೆ ಕೈ ಸೋತರೆ, ಕಣ್ಣು ಎತ್ತ ನೋಡುತ್ತಿದೆ ಎಂದು ಗುರುತಿಸುವ ಕ್ಯಾಮೆರಾ ಜೋಡಿಸಿ ನೋಟದಿಂದಲೇ ಗುಂಡಿ ಒತ್ತಿಸಬಹುದು. ಇದಕ್ಕೆ ಒಂದು ಒಳ್ಳೆಯ ಲ್ಯಾಪ್‌ಟಾಪ್ ಬೇಕು ಎಂದೆ.

ಸವಿತಾ ಮುಂದಿನ ಭೇಟಿಗೆ ಒಂದು ಫೈಲನ್ನೇ ತಂದಿದ್ದಳು. ಪ್ರೊಸೆಸರ್‌ಗಳ ಹೆಸರು, ಬ್ಯಾಟರಿಯ ಗಂಟೆಗಳು, ಯಾವ ಕಂಪನಿ ಯಾವಾಗ ಏನು ಬಿಡುಗಡೆ ಮಾಡಬಹುದು ಎಂಬ ಊಹೆಗಳು, ಎಲ್ಲ ಬಣ್ಣಬಣ್ಣದ ಗೆರೆ ಹಾಕಿ ಬರೆದಿದ್ದಳು. ದಿನಾ ಲೋಕಲ್ ರೈಲಿನಲ್ಲಿ ಕುಳಿತು ಅದೇ ವೀಡಿಯೊಗಳನ್ನು ನೋಡುತ್ತಿದ್ದಳಂತೆ.

"ಮೇಡಮ್, ಅಭೀ ನಕೋ, ಈಗ ಬೇಡ," ಎಂದಳು. "ನ್ಯೂ ಚಿಪ್ ಬರ್ತಾ ಇದೆ. ವಾಯ್ಸ್ ಕೆಲಸಕ್ಕೇ ಸೆಪರೇಟ್ ಪಾರ್ಟ್ ಇರ್ತದ ಅದರಲ್ಲಿ. ಈಗ ತೊಗೊಂಡ್ರೆ ಒನ್ ಇಯರ್‌ನಲ್ಲಿ ಓಲ್ಡ್. ನಮಗೆ ಒಂದೇ ಸಲ ತೊಗೊಳ್ಳೋಕೆ ಆಗೋದು. ಪಪ್ಪಾಗೆ ಬೆಸ್ಟ್ ಬೇಕು."

ಅವಳ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಕಣ್ಣಿನ ಕ್ಯಾಮೆರಾಕ್ಕೆ ಚುರುಕಾದ ಯಂತ್ರವಿದ್ದರೆ ಒಳ್ಳೆಯದೇ, ಅದು ನಾಲ್ಕೈದು ವರ್ಷ ಬಾಳಬೇಕು ಎಂಬುದೂ ನಿಜ. "ಸರಿ, ಸೆಪ್ಟೆಂಬರ್‌ವರೆಗೆ ನೋಡೋಣ," ಎಂದೆ. ಈ ಒಪ್ಪಿಗೆ ನನ್ನದು. ಇದನ್ನು ಸವಿತಾಳ ತಲೆಗೆ ಕಟ್ಟುವಂತಿಲ್ಲ.

ಹದಿನೈದು ದಿನಕ್ಕೊಮ್ಮೆ ಒಂದು ಸರಳ ಪರೀಕ್ಷೆ ಮಾಡುತ್ತಿದ್ದೆ. ಈರಣ್ಣ ಐವತ್ತು ಕನ್ನಡ ಪದಗಳನ್ನು ಓದುವರು. ಪಟ್ಟಿ ನೋಡದವರೊಬ್ಬರು ಕೇಳಿದ್ದನ್ನು ಬರೆಯುವರು. ಬರೆಯಲು ಆಸ್ಪತ್ರೆಯ ಕ್ಯಾಂಟೀನಿನ ಮ್ಯಾನೇಜರರನ್ನು ಕರೆಯುತ್ತಿದ್ದೆ, ಕುಂದಾಪುರದವರು. ಜೂನ್‌ನಲ್ಲಿ ಐವತ್ತಕ್ಕೆ ನಲವತ್ತಾರು ಸರಿ ಬಂದಿತ್ತು. ಆಗಸ್ಟ್ ನಡುವೆ ಮೂವತ್ತೊಂಬತ್ತು. ತುಟಿ ಸೇರಿಸಿ ಆಡುವ ಪ, ಬ, ಮ ಅಕ್ಷರಗಳು ಕರಗತೊಡಗಿದ್ದವು.

ಅತ್ತ ಹೊಸ ಚಿಪ್ ಹೊರದೇಶದಲ್ಲಿ ಬಿಡುಗಡೆಯಾಯಿತು. ಇಲ್ಲಿಗೆ ಯಾವಾಗ ಎಂದು ಗ್ರಾಂಟ್ ರೋಡಿನ ಅಂಗಡಿಗಳಲ್ಲಿ ಕೇಳಿದರೆ ಒಬ್ಬ ದೀಪಾವಳಿ ಎಂದ, ಇನ್ನೊಬ್ಬ ಜನವರಿ ಎಂದ. ಅಷ್ಟರಲ್ಲಿ ಅದಕ್ಕಿಂತ ಉತ್ತಮವಾದದ್ದು ಇನ್ನೊಂದು ಬರಲಿದೆ ಎಂಬ ಸುದ್ದಿ ಹಬ್ಬಿತು. ಸವಿತಾಳ ಫೈಲಿಗೆ ಹೊಸ ಹಾಳೆ ಸೇರಿತು.

ಸೆಪ್ಟೆಂಬರ್ ಕೊನೆಯ ಪರೀಕ್ಷೆಯಲ್ಲಿ ಸರಿ ಬಂದದ್ದು ಇಪ್ಪತ್ತೊಂಬತ್ತು. ಮ್ಯಾನೇಜರರು ಪೆನ್ನು ಕೆಳಗಿಟ್ಟು ಎದ್ದು ಹೋದರು. ನಾನು ಆ ಅಂಕಿಯನ್ನು ಈರಣ್ಣನವರ ಕಡತದಲ್ಲಿ ಬರೆದು ತಲೆಯೆತ್ತಿದಾಗ ಸವಿತಾ ಎರಡು ಮಾದರಿಗಳ ಹೋಲಿಕೆಯನ್ನು ನನ್ನ ಮುಂದೆ ಹರಡುತ್ತಿದ್ದಳು. ಈರಣ್ಣ ಆ ಹಾಳೆಗಳನ್ನು ಎತ್ತಿ, ಅಂಚು ಸರಿಮಾಡಿ, ಬೋರಲಾಗಿ ಇಟ್ಟರು. ಆಮೇಲೆ ಮಗಳತ್ತ ತಿರುಗಿ, ಒಂದೊಂದೇ ಪದವನ್ನು ನಿಲ್ಲಿಸಿ ನಿಲ್ಲಿಸಿ ಹೇಳಿದರು:

"ತಂಗೀ, ಹೊಸಾ ಮಿಕ್ಸರ್ ಬರತೈತಿ ಅಂತ, ಕಲಸಿದ್ದ ಕಾಂಕ್ರೀಟ್ ಇಟಗೊಂಡ ಕುಂದರತಾರೇನು? ಅದು ಗಟ್ಟಿ ಆಗಿಬಿಡತೈತಿ. ಇವತ್ತ ನಡೀರಿ. ಇರೂದ ತರೂಣು."

ಸವಿತಾ ಅಳತೊಡಗಿದಳು. "ಪಪ್ಪಾ, ನಾನು ಚೆನ್ನಾಗಿರೋದೇ ಬೇಕು ಅಂತ..." ಎನ್ನುವಷ್ಟರಲ್ಲಿ ನೀಲವ್ವ ಮಗಳ ಬೆನ್ನ ಮೇಲೆ ಕೈಯಿಟ್ಟರು. "ಗೊತ್ತೈತಿ ಅವ್ವಾ. ಏಳು, ಮಾರಿ ತೊಳಕೋ. ಅಂಗಡಿ ಮುಚ್ಚೂದ್ರಾಗ ಹೋಗೂಣು."

ನಾನು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ಗ್ರಾಂಟ್ ರೋಡಿನ ಅಂಗಡಿಯವನೂ ಹಿಂದಿಯಲ್ಲಿ, ಎರಡು ತಿಂಗಳು ತಡೆಯಿರಿ, ಹೊಸದು ಬರುತ್ತದೆ ಎಂದೇ ಶುರುಮಾಡಿದ. ಈ ಬಾರಿ ಸವಿತಾ ಅವನ ಮಾತು ಮುಗಿಯಲು ಬಿಡಲಿಲ್ಲ. "ಆಜ್ ಜೋ ಹೈ, ವಹೀ ದಿಖಾವೋ," ಇವತ್ತು ಇರುವುದನ್ನೇ ತೋರಿಸಿ ಎಂದಳು. ಹಿಂದಿನ ವರ್ಷದ ಮಾದರಿಯೊಂದನ್ನು ಅವಳೇ ಆರಿಸಿದಳು, ಹದಿನಾರು ಜಿಬಿ ಮೆಮೊರಿ, ಗಟ್ಟಿ ಬ್ಯಾಟರಿ. ಮೂರು ತಿಂಗಳು ಓದಿದ್ದು ವ್ಯರ್ಥವಾಗಲಿಲ್ಲ. ಇಪ್ಪತ್ತು ನಿಮಿಷದಲ್ಲಿ ತೀರ್ಮಾನ ಮುಗಿಯಿತು. ಒಂದು ಮೈಕ್ ಕೂಡ ಕೊಂಡೆವು.

ಅವರ ಮನೆಯಲ್ಲಿ ರೆಕಾರ್ಡ್ ಮಾಡುವಂತಿರಲಿಲ್ಲ. ಗೋಡೆಯಾಚೆಯ ಟಿವಿ, ಕುಕ್ಕರ್, ಮೆಟ್ಟಿಲ ಮೇಲಿನ ಮಕ್ಕಳು. ಶ್ರವಣ ಪರೀಕ್ಷೆಗೆಂದು ನಮ್ಮ ವಿಭಾಗದಲ್ಲಿ ಸದ್ದು ನುಸುಳದ ಪುಟ್ಟ ಕೋಣೆಯೊಂದಿತ್ತು. ನನ್ನ ಸಹೋದ್ಯೋಗಿ ಅದನ್ನು ಪ್ರತಿದಿನ ಬೆಳಿಗ್ಗೆ ಏಳೂವರೆಯಿಂದ ಎಂಟೂವರೆವರೆಗೆ ನಮಗೆ ಬಿಟ್ಟುಕೊಟ್ಟ. ಆ ಹೊತ್ತಿನಲ್ಲಿ ಈರಣ್ಣನವರ ನಾಲಗೆ ದಣಿದಿರುತ್ತಿರಲಿಲ್ಲ.

ಆಸ್ಪತ್ರೆಗಳಲ್ಲಿ ಬಳಸುವ ಸಿದ್ಧ ಪಟ್ಟಿಯೊಂದಿದೆ: ನೀರು ಬೇಕು, ನೋವಿದೆ, ಫ್ಯಾನ್ ಹಾಕಿ. ಅದನ್ನು ಮೊದಲ ದಿನವೇ ಮುಗಿಸಿ ಈರಣ್ಣ ತಮ್ಮ ಜೇಬಿನಿಂದ ಒಂದು ನೋಟ್‌ಬುಕ್ ತೆಗೆದರು. ಅದರಲ್ಲಿ ಸೈಟಿನ ಮಾತುಗಳಿದ್ದವು, ಕನ್ನಡದಲ್ಲೂ ಹಿಂದಿಯಲ್ಲೂ. "ಜ್ಯಾಕ್ ಬಿಗಿ ಐತೇನು?" "ಹಲಗೀ ಸಂದಿ ನೋಡು." "ರುಕೋ, ಅಭೀ ಮತ್ ಡಾಲೋ." ಕೊನೆಯದು, ನಿಲ್ಲಿ, ಈಗಲೇ ಸುರಿಯಬೇಡಿ ಎಂದು. ಒಂದು ಮಾತು ಸರಿಬರುವ ತನಕ ಬಿಡುತ್ತಿರಲಿಲ್ಲ. "ಬಿಗಿ" ಎಂಬ ಒಂದೇ ಪದವನ್ನು ಹದಿನೇಳು ಸಲ ಹೇಳಿದ ದಿನ, ಸಾಕು, ಅರ್ಥವಾಗುತ್ತದೆ ಎಂದೆ. ಅವರು ತಲೆಯಾಡಿಸಿದರು. "ನಿಮಗ ತಿಳೀತೈತಿ. ಮ್ಯಾಲ ನಿಂತಾಂವಗ ತಿಳೀಬೇಕು." ಹದಿನೆಂಟನೆಯದು ಸ್ಪಷ್ಟವಾಗಿತ್ತು.

ಮಗಳಿಗೆ, ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ಕೊನೆಯ ವಾರಕ್ಕೆ ಇಟ್ಟುಕೊಂಡಿದ್ದರು. ಅವುಗಳನ್ನು ರೆಕಾರ್ಡ್ ಮಾಡುವಾಗ ನಾನು ಹೊರಗೆ ನಿಂತಿದ್ದೆ. ಏನು ಹೇಳಿದರೋ ತಿಳಿಯದು, ಕೇಳಲೂ ಇಲ್ಲ.

ಇಪ್ಪತ್ತಾರು ದಿನಗಳಲ್ಲಿ ಇನ್ನೂರ ಹದಿನಾಲ್ಕು ಮಾತುಗಳು ಸೇರಿದವು. ನವೆಂಬರ್ ನಡುವಿನ ಪರೀಕ್ಷೆಯಲ್ಲಿ ಐವತ್ತಕ್ಕೆ ಸರಿ ಬಂದದ್ದು ಎಂಟು. ಅಲ್ಲಿಗೆ ಪರೀಕ್ಷೆ ನಿಲ್ಲಿಸಿದೆ.

ಆ ದಿನ ನಾನು ಈರಣ್ಣನವರಿಗೆ ನನ್ನ ತಪ್ಪು ಒಪ್ಪಿಕೊಂಡೆ. ಜೂನ್‌ನಲ್ಲೇ, ಲ್ಯಾಪ್‌ಟಾಪ್ ಇಲ್ಲದೆಯೇ, ನನ್ನ ಮೊಬೈಲಿನಲ್ಲಿ ಅವರ ದನಿ ಹಿಡಿದಿಡಬಹುದಿತ್ತು. ಆಮೇಲೆ ಯಾವ ಯಂತ್ರಕ್ಕಾದರೂ ಹಾಕಿಕೊಳ್ಳಬಹುದಿತ್ತು. ಒಳ್ಳೆಯ ಯಂತ್ರ ಬರಲಿ ಎಂಬ ಗುಂಗಿನಲ್ಲಿ ಇಪ್ಪತ್ತೇಳು ವರ್ಷದ ಅನುಭವವಿದ್ದ ನನಗೇ ಅದು ಹೊಳೆಯಲಿಲ್ಲ. ನಾವು ಕೂಡಿಟ್ಟದ್ದು ಅಕ್ಟೋಬರ್‌ನ ದನಿ; ಜೂನ್‌ನ ದನಿ ಹೋಗಿಬಿಟ್ಟಿತ್ತು. ಅವರು ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದರು: "ಇನ್ನೊಬ್ಬರಿಗೆ ಮೊದಲೇ ಹೇಳ್ರಿ."

ಜನವರಿಯ ಒಂದು ಬೆಳಿಗ್ಗೆ ಸವಿತಾ ನನ್ನನ್ನು ಘಾಟ್ಕೋಪರ್‌ನ ಸೈಟಿಗೆ ಕರೆದಳು. ಹದಿನಾಲ್ಕನೆಯ ಮಹಡಿಯ ಸ್ಲ್ಯಾಬ್ ಸುರಿಯುವ ದಿನ. ಎಂಜಿನಿಯರರು ಈರಣ್ಣನವರಿಗಾಗಿ ಹದಿಮೂರನೆಯ ಮಹಡಿಯಲ್ಲಿ ಒಂದು ಕುರ್ಚಿ, ಮೇಜು ಹಾಕಿಸಿದ್ದರು. ಲಿಫ್ಟಿನಲ್ಲಿ ಮೇಲೆ ಹೋಗುವಾಗ ಸವಿತಾ ಮೆಲ್ಲಗೆ ಹೇಳಿದಳು, "ಮೇಡಮ್, ಆ ಹೊಸ ಮಾಡೆಲ್ ಅಂಗಡಿಗೆ ಬಂತು. ನಿಜವಾಗ್ಲೂ ಫಾಸ್ಟ್ ಇದೆ." ಲಿಫ್ಟ್ ನಿಂತಾಗ, "ಕೈಗೆ ತೊಗೊಂಡು ನೋಡಿ, ವಾಪಸ್ ಇಟ್ಟು ಬಂದೆ," ಎಂದಳು.

ಈರಣ್ಣ ಮೊದಲು ಸಾಲುಗಳ ನಡುವೆ ನಡೆದು ಜ್ಯಾಕ್‌ಗಳನ್ನು ಕೈಯಿಂದ ಮುಟ್ಟಿ ನೋಡಿದರು. ಬಂದು ಕುಳಿತು, ಸ್ಪೀಕರ್ ಜೋಡಿಸಿದ ಲ್ಯಾಪ್‌ಟಾಪಿನ ಒಂದು ಗುಂಡಿ ಒತ್ತಿದರು. "ಜ್ಯಾಕ್ ಬಿಗಿ ಐತೇನು?" ಸ್ವಲ್ಪ ಎಳೆದ, ಆದರೆ ಅವರದೇ ದನಿ ಮಹಡಿಯ ತುಂಬ ಹರಡಿತು. ಮೂಲೆಗಳಿಂದ ಒಬ್ಬೊಬ್ಬರೇ ಕೂಗಿದರು: "ಐತ್ರೀ!" "ಬಿಗಿ ಐತಿ ಅಣ್ಣಾ!" "ಓಕೆ ಮುಕಾದಮ್!" ಬಲಗಡೆಯ ಸಾಲಿನಿಂದ ಉತ್ತರ ಬರಲಿಲ್ಲ. ಈರಣ್ಣ ಮತ್ತೊಂದು ಗುಂಡಿ ಒತ್ತಿದರು. "ರುಕೋ, ಅಭೀ ಮತ್ ಡಾಲೋ." ಮೇಲೆ ಸುರಿಯಲು ಅಣಿಯಾಗಿ ಗುರುಗುಡುತ್ತಿದ್ದ ಕಾಂಕ್ರೀಟಿನ ಪಂಪ್ ನಿಂತಿತು. ಬಲಗಡೆಯ ಎರಡು ಜ್ಯಾಕ್ ಬಿಗಿಮಾಡಿ, ಅಲ್ಲಿಂದಲೂ ಉತ್ತರ ಬಂದ ಮೇಲೆಯೇ ಅವರು ಕೈಯೆತ್ತಿದರು.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಯಂತ್ರ ಮುಂದಿನ ವರ್ಷ ಇನ್ನೂ ಉತ್ತಮವಾಗುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಯಾವಾಗ ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಯಂತ್ರದಲ್ಲಿಲ್ಲ. ಅದನ್ನು ಬಳಸುವವರ ಬಳಿ ಎಷ್ಟು ದಿನ ಉಳಿದಿದೆ ಎಂಬುದರಲ್ಲಿದೆ. ಈಗ ಅಂಥ ಚೀಟಿ ಹಿಡಿದು ಯಾರೇ ಬರಲಿ, ಲ್ಯಾಪ್‌ಟಾಪ್ ಮಾತು ಆಮೇಲೆ. ಮೊದಲ ಭೇಟಿಯಲ್ಲೇ ಅವರನ್ನು ಆ ಪುಟ್ಟ ಕೋಣೆಗೆ ಕರೆದೊಯ್ದು, ಕೈಯಲ್ಲಿರುವ ಫೋನಿನಲ್ಲೇ ಶುರುಮಾಡಿಬಿಡುತ್ತೇನೆ.