ಸರಿ ಬಂದಿದ್ದ ಉತ್ತರ

ಮುಂಬಯಿಯ ಗೋರೆಗಾಂವಿನ ನಮ್ಮ ಚಾಳಿನಲ್ಲಿ ನಳದ ನೀರು ನಸುಕಿನಲ್ಲೇ ಬರುತ್ತಿತ್ತು. ಆ ದಿನವೂ ಹಂಡೆ ತುಂಬಿಸಿ, ಹಾಲಿನ ಬಾಟಲಿ ತಂದು, ಸ್ಟೋವಿಗೆ ಪಂಪು ಹೊಡೆದು ಚಹಾಕ್ಕೆ ಇಟ್ಟೆ. ಯಜಮಾನರು ಹೊರಗೆ ಗ್ಯಾಲರಿಯಲ್ಲಿ ಗಡ್ಡ ಮಾಡಿಕೊಳ್ಳುತ್ತಿದ್ದರು. ಒಂದು ಕೆನ್ನೆ ಮುಗಿದಿತ್ತು. ಇನ್ನೊಂದರ ನೊರೆ ಒಣಗುತ್ತಿದ್ದರೂ ಬ್ಲೇಡು ಹಿಡಿದು ಕನ್ನಡಿಯನ್ನೇ ನೋಡುತ್ತ ನಿಂತಿದ್ದರು.

ಅವರದು ಗಣಿತದ ಕೆಲಸ. ವಿಮಾನದ ರೆಕ್ಕೆ ಮುಂದೆ ಹೋಗುವಾಗ ಗಾಳಿ ಅದನ್ನು ಹಿಂದಕ್ಕೆ ಎಳೆಯುತ್ತದಂತೆ. ಆ ಎಳೆತ ಎಷ್ಟೆಂದು ಕಂಪ್ಯೂಟರಿನಿಂದ ಲೆಕ್ಕ ಮಾಡಿಸುವುದು, ಅದು ಹೇಳಿದ್ದು ನಿಜವೇ ಎಂದು ಪರೀಕ್ಷಿಸುವುದು. ರೆಕ್ಕೆಯ ಸುತ್ತಲಿನ ಗಾಳಿಯನ್ನು ಕಾಗದದ ಮೇಲೆ ಚೌಕಚೌಕವಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಲೆಕ್ಕ. ಕಂಪ್ಯೂಟರಿಗೆ ಉಣಿಸಲು ಅಂಕಿಗಳನ್ನು ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆಸುವ ಮುಂಚೆ ನಾನು ಓದಿ ಹೇಳುತ್ತಿದ್ದೆ, ಅವರು ಗುರುತು ಹಾಕುತ್ತಿದ್ದರು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ನನ್ನ ಇಂಗ್ಲಿಷು ಆ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದಕ್ಕೇ.

ಹಿಂದಿನ ತಿಂಗಳು ಕಂಪ್ಯೂಟರಿನ ಉತ್ತರವೂ, ಪುಟ್ಟ ರೆಕ್ಕೆಯೊಂದರ ಮೇಲೆ ನಿಜವಾಗಿ ಗಾಳಿ ಬಿಟ್ಟು ಅಳೆದು ತಂದ ಉತ್ತರವೂ ತಾಳೆಯಾಗಿದ್ದವು. ಇವರ ಆಫೀಸಿನ ಸಾಹೇಬರು ವರದಿಯನ್ನು ಟೈಪಿಗೆ ಕೊಟ್ಟರು. ಇವರ ಟೆಂಪರರಿ ನೌಕರಿ ಕಾಯಂ ಆಗುವುದು ಆ ವರದಿಯ ಮೇಲೆಯೇ ನಿಂತಿತ್ತು. ಅಷ್ಟಕ್ಕೆ ಸುಮ್ಮನಿರದೆ ಇವರು ಚೌಕಗಳನ್ನು ಸಣ್ಣ ಮಾಡಿ ಇನ್ನೊಮ್ಮೆ ಲೆಕ್ಕ ಮಾಡಿಸಿದರು. ಉತ್ತರ ಅಳೆದು ತಂದದ್ದರಿಂದ ದೂರ ಸರಿದುಬಿಟ್ಟಿತು. ಇನ್ನೂ ಸಣ್ಣ ಮಾಡಿ ಕೊಟ್ಟಿದ್ದ ಮೂರನೆಯ ಲೆಕ್ಕ ಆ ದಿನ ಕೈಗೆ ಬರುವುದಿತ್ತು.

"ಮೊದಲನೇದು ಸರಿ ಬಂದಿತ್ತಲ್ಲ. ಮತ್ಯಾಕ ಕೆದಕಲಿಕ್ಕೆ ಹೋದ್ರಿ?" ಚಹಾ ಕೊಡುತ್ತ ಕೇಳಿದೆ.

"ಚೌಕ ಸಣ್ಣ ಆದಂಗ ಉತ್ತರ ಒಂದು ಕಡೆ ನಿಲ್ಲಬೇಕು. ಓಡ್ಯಾಡ್ತದಂದ್ರ ಅದು ಉತ್ತರ ಅಲ್ಲ."

"ಸಾಹೇಬ್ರು ಕೇಳಿದ್ರೇನು, ಸಣ್ಣ ಮಾಡಂತ?"

"ಅವರು ಕೇಳಿಲ್ಲ. ನೀ ಚಹಾಕ್ಕ ಸಕ್ರಿ ಹಾಕಿಲ್ಲ."

ಅವರು ಹೋದ ಮೇಲೆ ಕಸೂತಿ ಹಿಡಿದು ಕೂತೆ. ದಪ್ಪ ಎಳೆಯ ಬಟ್ಟೆಯ ಮೇಲೆ ಗುಲಾಬಿ ಎಸಳಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಸಣ್ಣ ಎಳೆಯದಾದರೆ ದುಂಡಗೆ ಬರುತ್ತದೆ. ಅಷ್ಟು ನನಗೆ ತಿಳಿಯುತ್ತಿತ್ತು. ಎಳೆ ಸಣ್ಣದಾದಷ್ಟೂ ಹೂವು ಕೆಡುತ್ತದೆ ಅಂದರೆ ಹೇಗೆ? ನಾನು ಓದುವಾಗಲೇ ಯಾವುದಾದರೂ ಸಾಲು ಬಿಟ್ಟುಹೋಯಿತೇ? ಅನ್ನಕ್ಕಿಟ್ಟದ್ದು ತಳ ಹಿಡಿದ ವಾಸನೆ ಬಂದಾಗ ಎದ್ದೆ. ಸ್ಟೇಷನ್ನಿನ ಕಡೆ ಲೋಕಲ್ ನಿಂತ ಸದ್ದಾದರೆ ಸಾಕು, ಅವರು ಬರುವ ಹೊತ್ತಲ್ಲವೆಂದು ಗೊತ್ತಿದ್ದೂ ಗ್ಯಾಲರಿಗೆ ಹೋಗಿ ನಿಲ್ಲುತ್ತಿದ್ದೆ.

ದೀಪ ಹಚ್ಚುವ ಮುಂಚೆಯೇ ಬಂದರು. ಬೂಟು ಬಿಚ್ಚದೆ ಮಂಚದ ತುದಿಗೆ ಕೂತರು.

"ಮತ್ತಷ್ಟು ಸರೀತು," ಅಂದರು. "ಮೊದಲನೇದು ಸರಿ ಬಂದದ್ದು ನಸೀಬದಿಂದ. ಚೌಕ ದೊಡ್ಡದಿದ್ದದ್ದು ಒಂದು ತಪ್ಪು, ಲೆಕ್ಕದ ರೀತಿಯೊಳಗ ಇನ್ನೊಂದು. ಎರಡೂ ಒಂದನ್ನೊಂದು ಮುಚ್ಚಿಕೊಂಡಿದ್ದವು."

"ನಾ ಓದಿದ್ದರಾಗ ಏನರೆ…"

"ಇಲ್ಲ. ಎಲ್ಲಾ ತಾಳೆ ನೋಡಿದೆ. ನೀ ಓದಿದ್ದು ಒಂದೂ ತಪ್ಪಿಲ್ಲ."

ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ಸಾಹೇಬ್ರಿಗೆ ಹೇಳಿದ್ರೇನು?"

"ಹೇಳಿದೆ. ಟೈಪು ನಿಲ್ಲಿಸಿದ್ರು. ಬ್ಯಾರೆ ಏನೂ ಅನ್ನಲಿಲ್ಲ."

"ನೌಕರಿದು?"

"ಅದನ್ನೂ ಅನ್ನಲಿಲ್ಲ."

ಅಷ್ಟರಲ್ಲಿ ಪಕ್ಕದ ಖೋಲಿಯಲ್ಲಿ ಮನೆ ಮಾಡಿದ್ದ ಬಿಜಾಪುರದ ಬಾಯಿ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ವಾಟಿ ಬಟ್ಟಲು ಹಿಡಿದು ಬಂದರು. ನಡುವಿನ ಗೋಡೆ ಹಲಗೆಯದು, ನಮ್ಮ ಮಾತೆಲ್ಲ ಅವರಿಗೆ ಕೇಳಿಸಿಯೇ ಇತ್ತು. ಇವರ ಬೂಟು ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ನಮ್ಮ ಮಾಡಿನ ಹಂಚುಗಳನ್ನು ಒಂದು ಸುತ್ತು ನೋಡಿದರು. ನಾನು ಮಜ್ಜಿಗೆ ಹಾಕಿ ಕೊಟ್ಟೆ.

"ಒಂದ್ಯಾಳೆ ಊರಿಗೆ ಹೋಗೂದಾದ್ರ, ವೈನಿ," ಅಂದರು ಹೊಸ್ತಿಲು ದಾಟುತ್ತ, "ಖೋಲಿ ವಿಷಯ ಮೊದಲ ನಮಗ ಒಂದು ಮಾತು ಹೇಳ್ರಿ. ನಮ್ಮ ಮೈದುನ ಪಾಪ ದಹಿಸರದಾಗ ಸೋರೂ ಖೋಲ್ಯಾಗ ಅದಾನ."