ಪೈಡಮ್ಮನವರಿಗೆ ನೆನಪಾಗದ ಹೆಸರು

ವಿಶಾಖಪಟ್ಟಣದಲ್ಲಿ ಸುದ್ದಿಸಂಸ್ಥೆಯೊಂದರ ವರದಿಗಾರನಾಗಿ ನನಗದು ಹತ್ತನೆಯ ವರ್ಷ. ಬಳ್ಳಾರಿಯವನಾದ್ದರಿಂದ ತೆಲುಗು ಹೊಸದಾಗಿರಲಿಲ್ಲ. ಆ ವರ್ಷ ರಾಜ್ಯಸಭೆಗೆ ಚುನಾವಣೆ ಬಂತು. ಇದರಲ್ಲಿ ಶಾಸಕರು ಮತ ಹಾಕುತ್ತಾರೆ. ಸ್ಥಾನಗಳಷ್ಟೇ ಅಭ್ಯರ್ಥಿಗಳಿದ್ದರೆ ಮತದಾನವೇ ನಡೆಯದು. ಹಾಗೆ ಅವಿರೋಧವಾಗಿ ಗೆದ್ದವರಲ್ಲಿ ನಗರದಂಚಿನ ಪೆಂಡುರ್ತಿಯ ಪೈಡಮ್ಮನವರೂ ಒಬ್ಬರು. ಅವರ ಪ್ರೊಫೈಲ್, ಅಂದರೆ ಬದುಕಿನ ಕಿರುಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ.

ಅವರು ಸಿಂಹಾಚಲಂ ಬೆಟ್ಟದ ಕೆಳಗೆ ಹೂವು ಮಾರುತ್ತಿದ್ದವರು. ಗಂಡನ ಹೆಸರು ಸಿಂಹಾದ್ರಿ, ಔಷಧ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕಾರ್ಮಿಕ. ಒಂದು ಬೆಳಿಗ್ಗೆ ರಿಯಾಕ್ಟರ್, ಎಂದರೆ ರಾಸಾಯನಿಕಗಳನ್ನು ಕಾಯಿಸುವ ಭಾರಿ ಪಾತ್ರೆ, ಸಿಡಿದು ಅವರು ಸತ್ತರು. ಸತ್ತವನು ತಮ್ಮ ನೌಕರನೇ ಅಲ್ಲ ಎಂದಿತು ಆಡಳಿತ. ಪೈಡಮ್ಮ ಹಸುಗೂಸು ಲಾವಣ್ಯಳನ್ನು ಎತ್ತಿಕೊಂಡು ಗೇಟಿನ ಮುಂದೆ ಕೂತರು. ಸತ್ತ ಇತರರ ಮನೆಯವರೂ ಬಂದು ಕೂತರು. ಅಲ್ಲಿಂದ ಕಾರ್ಮಿಕ ಸಂಘ, ನಗರಪಾಲಿಕೆ, ಪಕ್ಷ. ದಾರಿಯುದ್ದಕ್ಕೂ ಅವರು ಮೈಕಿನಲ್ಲಿ ಹೇಳುತ್ತ ಬಂದದ್ದು ಆ ಬೆಳಗಿನ ಕಥೆಯನ್ನೇ.

ಗೆದ್ದ ದಿನ ವಿಜಯವಾಡದ ಪಕ್ಷದ ಕಚೇರಿಯಲ್ಲಿ ಸನ್ಮಾನ ನಡೆಯಿತು. ಸಾವಿನ ಸುದ್ದಿ ಕೇಳಿ ಗೇಟಿನಲ್ಲಿ ನಿಂತಾಗ ಗಂಡನಿಗೆ ಒಯ್ದಿದ್ದ ಊಟದ ಕ್ಯಾರಿಯರ್ ಇನ್ನೂ ಬಿಸಿಯಿತ್ತು ಎಂಬ ಪೈಡಮ್ಮನವರ ಮಾತಿಗೆ ಸಭೆ ಚಪ್ಪಾಳೆ ತಟ್ಟಿತು.

ಪಕ್ಕದಲ್ಲಿದ್ದ ಪಕ್ಷದ ಕಾರ್ಯದರ್ಶಿ ನನ್ನ ಕಿವಿಯಲ್ಲಿ, "ನೋಡ್ತಿರಿ ಸರ್, ಈಗ ಸೆರಗು" ಎಂದ. ಪೈಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ವೇದಿಕೆಯಿಂದ ಕೆಳಗಿಳಿದು ಬಂದಾಗ ನನ್ನನ್ನು ಕಂಡು ನಕ್ಕರು. "ಏಮಯ್ಯಾ ಬಳ್ಳಾರಿ ಬಾಬು, ಹೂವಿನವಳು ದಿಲ್ಲಿಗೆ ಹೊರಟಳು! ಅಲ್ಲಿ ಚಳಿಯಂತೆ. ನಿಮ್ಮ ಆಫೀಸಿನವರು ಸ್ವೆಟರ್ ಕೊಡಿಸ್ತಾರೇನು?"

ಆ ವಾರವೇ ಪೆಂಡುರ್ತಿಯ ಅವರ ಮನೆಗೆ ಹೋದೆ. ಕಾಲೇಜು ಸೇರಿದ್ದ ಲಾವಣ್ಯ ಟೀ ತಂದಿಟ್ಟು ಅಮ್ಮನ ಪಕ್ಕದಲ್ಲೇ ಕೂತಳು. ಅವಳಿಗೆ ತಂದೆಯ ಮುಖ ಫೋಟೊದಲ್ಲಿ ಮಾತ್ರ ಗೊತ್ತು. ಸಿಂಹಾದ್ರಿಯ ಕಡೆಯವರು ಯಾರೂ ಉಳಿದಿರಲಿಲ್ಲ.

"ಸಾವಿನ ವಿಷಯ ಬೇಡಮ್ಮಾ. ಮನೆಯಲ್ಲಿ ಅವರು ಹೇಗಿದ್ದರು?" ಎಂದೆ.

"ಅವರಾ? ಬಡ ಕಾರ್ಮಿಕ ಬಾಬು. ಬೆವರು ಸುರಿಸಿ ದುಡಿದವರು, ಆದರೆ ಆ ದಿನ ಬೆಳಿಗ್ಗೆ..."

ಲಾವಣ್ಯ ನಕ್ಕಳು. "ಅಮ್ಮಾ, ಇಲ್ಲಿ ಮೈಕ್ ಇಲ್ಲ. ಅದು ಮೀಟಿಂಗಿಂದು. ಅಪ್ಪನ ವಿಷಯ ಹೇಳು."

"ಅದನ್ನೇ ಹೇಳ್ತಿದ್ದೀನಲ್ಲೇ!"

"ಹಾಡ್ತಿದ್ರಾ? ಬೈತಿದ್ರಾ? ನನ್ನನ್ನ ಏನಂತ ಕರೀತಿದ್ರು?"

ಪೈಡಮ್ಮ ಬಾಯಿ ತೆರೆದರು. ಮಾಲೆ ಹಾಕಿದ್ದ ಫೋಟೊ ನೋಡಿದರು.

"ಏನೋ ಒಂದು ಹೆಸರಿತ್ತು ಕಣೇ. ನಿನ್ನ ಕೆನ್ನೆ ಹಿಡಿದು ಏನೋ ಅಂತಿದ್ರು..." ಕಣ್ಣು ಮುಚ್ಚಿ ತೆರೆದರು. "ಬರ್ತಿಲ್ಲ. ಕಣ್ಣು ಮುಚ್ಚಿದ್ರೆ ಗೇಟೇ ಬರುತ್ತೆ." ನನ್ನ ಕಡೆ ತಿರುಗಿದರು. "ಆವತ್ತು ಕ್ಯಾರಿಯರ್ ಒಯ್ದಿದ್ದು ನಿಜವೋ, ಹೇಳಿ ಹೇಳಿ ನಿಜ ಆಯ್ತೋ, ಅದೂ ತಿಳೀತಿಲ್ಲ ಬಾಬು."

ಲಾವಣ್ಯ ಈಗ ನಗುತ್ತಿರಲಿಲ್ಲ. "ಪರವಾಗಿಲ್ಲಮ್ಮಾ" ಎಂದು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಗಳು ಹೋದ ಬಾಗಿಲನ್ನೇ ನೋಡುತ್ತ ಪೈಡಮ್ಮ ಮುದ್ದಿನ ಹೆಸರುಗಳನ್ನು ಒಂದೊಂದಾಗಿ ಮೆಲ್ಲಗೆ ಹೇಳಿ ನೋಡಿದರು. ಪ್ರತಿ ಹೆಸರಿಗೂ ತಲೆ ಅಲ್ಲಾಡಿಸಿದರು.

ರಾಜ್ಯಸಭೆಯಲ್ಲಿ ಅವರ ಮೊದಲ ಭಾಷಣ ಗುತ್ತಿಗೆ ಕಾರ್ಮಿಕರ ಸುರಕ್ಷತೆಯ ಬಗ್ಗೆ. ಗೇಟಿನ ಕಥೆ ಹೇಳಿದಾಗ ಎದುರು ಪಕ್ಷದವರೂ ಮೇಜು ಕುಟ್ಟಿದರು. ಆ ಮಾತಿನ ಅಗತ್ಯವಿತ್ತು. ಎಷ್ಟೋ ಮನೆಗಳ ಪರವಾಗಿ ಅವರು ನ್ಯಾಯ ಕೇಳುತ್ತಿದ್ದರು. ನಾನು ಪ್ರತಿಕ್ರಿಯೆಗೆಂದು ಲಾವಣ್ಯಳಿಗೆ ಫೋನ್ ಮಾಡಿದೆ.

"ಟೀವಿಯಲ್ಲಿ ನೋಡಿದೆ ಸರ್. ಅಮ್ಮ ತುಂಬ ಚೆನ್ನಾಗಿ ಮಾತಾಡಿದ್ಲು. ನನಗೂ ಅಳು ಬಂತು" ಎಂದಳು. ಆಮೇಲೆ ಮೆಲ್ಲಗೆ, "ಸತ್ತುಹೋದ ಯಾರೋ ಒಬ್ಬರ ಕಥೆ ಕೇಳಿದ ಹಾಗೆ ಸರ್" ಎಂದಳು.

ವರದಿಯಲ್ಲಿ ಅವಳ ಮೊದಲ ಮಾತಷ್ಟೇ ಹೋಯಿತು.

ನೊಂದವರನ್ನು ಮಾತಾಡಿಸುವುದು ನನ್ನ ಕಸುಬು, ಅದನ್ನು ಬಿಡಲಾಗಲಿಲ್ಲ. ಆದರೆ ಆಮೇಲೆ ಯಾವ ಸಾವಿನ ಮನೆಗೆ ಹೋದರೂ ಪೆನ್ನು ತೆಗೆಯುವ ಮೊದಲು ಒಂದು ಮಾತು ಹೇಳುತ್ತಿದ್ದೆ: "ಎಲ್ಲವನ್ನೂ ನನಗೆ ಹೇಳಬೇಡಿ. ಸ್ವಲ್ಪ ಮಕ್ಕಳಿಗೆ ಉಳಿಸಿಕೊಳ್ಳಿ." ಅದರಿಂದ ವರದಿ ಸೊರಗುತ್ತದೆ ಎಂದು ಸಂಪಾದಕರು ಗೊಣಗುತ್ತಿದ್ದರು. ಸೊರಗುತ್ತಿತ್ತು, ನಿಜ.