ತಾಡಪತ್ರಿಯ ಅಂಗಿ

ಆನೆಗೊಂದಿಯ ಹತ್ತಿರದ ಒಂದು ಗುಡ್ಡದ ಬುಡದಲ್ಲಿ ವಿದೇಶಿ ಗಂಡ ಹೆಂಡತಿ ಬಂಡೆಯ ಸಂದಿಗೆ ತಲೆ ಹಾಕಿ ಏನನ್ನೋ ಹುಡುಕುತ್ತಿದ್ದರು. ನಾನು, ನನ್ನ ಗಂಡ ಮತ್ತು ನನ್ನ ನಾದಿನಿ ಗಂಗಾವತಿಯಲ್ಲಿ ಒಂದು ಮದುವೆಯ ಊಟ ಮುಗಿಸಿ ಸುಮ್ಮನೆ ತಿರುಗಾಡಲು ಅಲ್ಲಿಗೆ ಹೋಗಿದ್ದೆವು. ನಾದಿನಿಗೆ ಅವರನ್ನು ಹಾಗೇ ಬಿಟ್ಟು ಮುಂದೆ ಹೋಗುವ ಮನಸ್ಸಾಗಲಿಲ್ಲ.

"ವೈನಿ, ಪಾಪ, ಏನೋ ಕಳಕೊಂಡಾರ. ಕೇಳು."

ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದೆ. ಅವರು ನಕ್ಕು ತಮ್ಮ ಫೋನು ತೋರಿಸಿದರು. ಯಾರೋ ಒಬ್ಬರು ಒಂದು ಚಿಕ್ಕ ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಗುರುತನ್ನು ಇಂಟರ್‌ನೆಟ್ಟಿಗೆ ಹಾಕುತ್ತಾರೆ. ಉಳಿದವರು ಫೋನು ಹಿಡಿದು ನಡೆಯುತ್ತ ಹೋಗಿ ಅದನ್ನು ಹುಡುಕಬೇಕು. ಸಿಕ್ಕಿದರೆ ಒಳಗಿನ ಚೀಟಿಯ ಮೇಲೆ ಸಹಿ ಮಾಡಿ, ಮೊದಲಿನಂತೆಯೇ ಮುಚ್ಚಿಟ್ಟು ಬರಬೇಕು. ಇದಕ್ಕೆ ಜಿಯೋಕ್ಯಾಶಿಂಗ್ ಅಂತ ಹೆಸರು. ನಾನು ಇಷ್ಟನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದಾಗ ನಾದಿನಿ, "ಸಿಕ್ಕಿದ್ದನ್ನ ಮತ್ತ ಅಲ್ಲೇ ಇಡೂದಾ?" ಎಂದು ಎರಡು ಸಲ ಕೇಳಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ತಾನೂ ಹುಡುಕಲು ನಿಂತಳು. ಡಬ್ಬಿ ಸಿಕ್ಕಿದ್ದು ಅವಳ ಕೈಗೇ. ಆ ವಿದೇಶಿ ಹೆಣ್ಣುಮಗಳು ಅವಳನ್ನು ತಬ್ಬಿಕೊಂಡಳು. ಕೊಪ್ಪಳಕ್ಕೆ ಮರಳುವ ಬಸ್ಸಿನಲ್ಲಿ ನಾದಿನಿ ಮದುವೆಯ ವಿಷಯವನ್ನೇ ಎತ್ತಲಿಲ್ಲ.

ಆಗ ನಮ್ಮ ಮನೆಗೆ ಸ್ಮಾರ್ಟ್ ಫೋನು ಬಂದು ಬಹಳ ದಿನವಾಗಿರಲಿಲ್ಲ. ನಾನು ಕೊಪ್ಪಳದ ಒಂದು ಕಚೇರಿಯಲ್ಲಿ ಗುಮಾಸ್ತೆ. ದಿನವಿಡೀ ಕುರ್ಚಿಯಲ್ಲಿ ಕುಳಿತು ಸೊಂಟ ಹಿಡಿದುಕೊಂಡಿತ್ತು. ನಾದಿನಿ ನಮ್ಮ ಹಿಂದಿನ ಓಣಿಯಲ್ಲೇ ಹೊಲಿಗೆ ಅಂಗಡಿ ಇಟ್ಟವಳು. ಅವಳದೂ ಕೂತು ಮಾಡುವ ಕೆಲಸವೇ. ಭಾನುವಾರ ಬಂತೆಂದರೆ ಇಬ್ಬರೂ ಡಬ್ಬಿ ಹುಡುಕಲು ಹೊರಡತೊಡಗಿದೆವು. ಶಾಲೆಯ ಮಾಸ್ತರರಾದ ನನ್ನವರು ಜೊತೆಗೆ ಬರುತ್ತಿದ್ದರು, ಆದರೆ ರಸ್ತೆ ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. "ನೀವು ಡಬ್ಬಿ ಹುಡುಕ್ರಿ, ನಾ ಮಿರ್ಚಿ ಹುಡುಕತೀನಿ" ಎಂದು ಚಹಾದಂಗಡಿಯ ಕಡೆಗೆ ನಡೆದುಬಿಡುತ್ತಿದ್ದರು.

ಬೇಸಿಗೆಯಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯಿತು. ಫಜೀತಿ ಶುರುವಾದದ್ದು ಮಳೆಯ ಜೊತೆಗೆ. ನಮ್ಮದು ಮಳೆ ಬರಲೆಂದು ಹಂಬಲಿಸುವ ಸೀಮೆ. ಮಳೆಯಲ್ಲಿ ಏನು ತೊಡಬೇಕೆಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಬಂದರೆ ಯಾವುದಾದರೂ ಮನೆಯ ಕಟ್ಟೆ ಹತ್ತಿ ನಿಲ್ಲುವುದು, ನಿಂತ ಮೇಲೆ ಹೋಗುವುದು, ಅಷ್ಟೇ. ಗಂಗಾವತಿಯ ಕಡೆ ಒಂದು ಭತ್ತದ ಗದ್ದೆಯ ಬದುವಿನ ಮೇಲೆ ಮಳೆ ನಮ್ಮನ್ನು ಹಿಡಿದಾಗ ಹತ್ತಲು ಯಾವ ಕಟ್ಟೆಯೂ ಇರಲಿಲ್ಲ. ನಾನು ಉಟ್ಟದ್ದು ನೂಲಿನ ಸೀರೆ. ಅದು ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡು, ಗೋಣಿಚೀಲದೊಳಗೆ ಓಡುವವರ ಹಾಗೆ ಕುಪ್ಪಳಿಸುತ್ತ ಬಂದೆ. ನಾದಿನಿಯ ಕೊಡೆ ಗಾಳಿಗೆ ಮೇಲುಮುಖವಾಗಿ ಬಿಚ್ಚಿಕೊಂಡು, ಒಂದು ಕ್ಷಣ ಅವಳನ್ನೂ ಎಳೆದು, ಆಮೇಲೆ ಕೈಬಿಡಿಸಿಕೊಂಡು ಕಾಲುವೆಗೆ ಬಿತ್ತು. ಅದು ಒಳ್ಳೆಯ ದೋಣಿಯಂತೆ ತೇಲುತ್ತ ಹೋಯಿತು. ಅವಳು ದಂಡೆಯ ಮೇಲೆ ನಿಂತು ಅದಕ್ಕೆ ಟಾಟಾ ಮಾಡಿದಳು.

ಬಸ್ಸು ಹತ್ತಿದರೆ ಕಂಡಕ್ಟರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾರ, ಕುಂದ್ರಬ್ಯಾಡ್ರಿ. ನೀವು ಕುಂತ ಸೀಟಿನ್ಯಾಗ ನಾಳಿ ತನ ಯಾರೂ ಕುಂದ್ರಾಕ ಆಗಂಗಿಲ್ಲ" ಎಂದ. ಕೊಪ್ಪಳದ ತನಕ ನಿಂತೇ ಬಂದೆವು. ಕಾಲಡಿ ಕೆರೆ ಕಟ್ಟಿತ್ತು.

ಸೀರೆಯ ಕಥೆ ಅಲ್ಲಿಗೆ ಮುಗಿಯಿತು. ನಾದಿನಿ ತನಗೊಂದು ಚೂಡಿದಾರ ಹೊಲಿದುಕೊಂಡಳು. ನಲವತ್ತು ದಾಟಿದ ನಾನು ಜೀವನದಲ್ಲಿ ಮೊದಲ ಬಾರಿಗೆ ಜೀನ್ಸ್ ಪ್ಯಾಂಟು ಕೊಂಡೆ. ವಿದೇಶದವರು ಅದನ್ನೇ ಹಾಕಿದ್ದರಲ್ಲ, ಗಟ್ಟಿ ಬಟ್ಟೆ, ಮಳೆಗೂ ತಡೆದೀತು ಎಂಬುದು ನನ್ನ ಲೆಕ್ಕಾಚಾರ. ಅದರ ಜೊತೆಗೆ ಬಿಳಿ ಕ್ಯಾನ್ವಾಸ್ ಬೂಟು. ಓಣಿಯ ಕಣ್ಣಿಗೆ ಬೀಳದಿರಲೆಂದು ಮೇಲೊಂದು ಉದ್ದನೆಯ ಕುರ್ತಾ ತೊಟ್ಟು, ಬೆಳಗಿನ ಬಸ್ಸಿಗೆ ಯಲಬುರ್ಗಾದ ದಾರಿ ಹಿಡಿದೆವು. ಬೇವೂರಿನ ಆಚೆ ಹೊಲಗಳ ನಡುವಿನ ಹಳೆಯ ಕಲ್ಲು ಮಂಟಪವೊಂದರಲ್ಲಿ, ಸೈಕಲ್ ಮೇಲೆ ದೇಶ ಸುತ್ತುವ ಯಾರೋ ಒಂದು ಡಬ್ಬಿ ಇಟ್ಟು ಹೋಗಿದ್ದಾರೆಂದು ಫೋನು ಹೇಳುತ್ತಿತ್ತು.

ಅದು ಎರೆಭೂಮಿ. ಒಣಗಿದಾಗ ಬಿರುಕು ಬಿಟ್ಟು ಬಾಯಿ ತೆರೆಯುವ ಆ ಕರಿಮಣ್ಣು, ನಾಲ್ಕು ಹನಿ ಬಿದ್ದರೆ ಸಾಕು, ಕಾಲನ್ನು ಬಿಡುವುದಿಲ್ಲ. ನಾವು ಹೊಲದ ದಾರಿಯ ಅರ್ಧಕ್ಕೆ ಬಂದಿದ್ದಾಗ ಮಳೆ ಹನಿಯತೊಡಗಿತು. ಸ್ವಲ್ಪ ಹೊತ್ತಿಗೆ ಜಡಿಯಿತು. ಹೆಜ್ಜೆ ಹೆಜ್ಜೆಗೂ ಬೂಟಿಗೆ ಮಣ್ಣು ಮೆತ್ತಿಕೊಂಡು ಕಾಲು ಒನಕೆಯಷ್ಟು ಭಾರವಾಯಿತು. ಇತ್ತ ಜೀನ್ಸ್ ನೀರು ಕುಡಿದು ಬಿಗಿದು, ಮೊಣಕಾಲು ಮಡಚಲು ಬಾರದಂತಾಯಿತು. ಬಲಗಾಲು ಎತ್ತಿದೆ. ಕಾಲು ಬಂತು, ಬೂಟು ಬರಲಿಲ್ಲ. ಒಂಟಿಗಾಲಲ್ಲಿ ನಿಂತು ನಾದಿನಿಯ ಭುಜ ಹಿಡಿದೆ. ಅವಳ ಚಪ್ಪಲಿ ಆಗಲೇ ಮಣ್ಣಿನ ಪಾಲಾಗಿತ್ತು. ಇಬ್ಬರೂ ಒಟ್ಟಿಗೆ ಮೆಲ್ಲಗೆ, ಹಾಸಿಗೆಯ ಮೇಲೆ ಒರಗುವವರ ಹಾಗೆ ಒರಗಿದೆವು.

ಏಳಲು ಹೋದಾಗಲೆಲ್ಲ ನಗು ಬಂದು ಕೈಯ ಶಕ್ತಿ ಹೋಗುತ್ತಿತ್ತು. ಅಷ್ಟರಲ್ಲಿ ಬದುವಿನ ಮೇಲಿಂದ ಇನ್ನೊಂದು ನಗು ಕೇಳಿತು. ಕುರಿ ಕಾಯುವ ಹೆಂಗಸೊಬ್ಬಳು ಕಂಬಳಿಯನ್ನು ಕೊಪ್ಪಿ ಮಾಡಿ ತಲೆಯ ಮೇಲೆ ಹೊದ್ದು ನಿಂತಿದ್ದಳು. ನಮಗಿಂತ ಸ್ವಲ್ಪ ದೊಡ್ಡವಳು.

"ಏನ್ರೀ ತಂಗ್ಯಾರ, ಇಲ್ಲಿ ಯಾಕ ಮಲಕ್ಕೊಂಡೀರಿ?"

"ಡಬ್ಬಿ ಹುಡುಕಾಕ ಬಂದಿದ್ವಿ" ಎಂದಳು ನಾದಿನಿ.

"ಎಂಥಾ ಡಬ್ಬಿ? ಊಟದ್ದಾ?"

ನಾದಿನಿ ಕೆಸರಲ್ಲೇ ಕೂತು ಆಟವನ್ನು ವಿವರಿಸಿದಳು. ಆ ಹೆಂಗಸು ಗಂಭೀರವಾಗಿ ಕೇಳಿಸಿಕೊಂಡಳು. ಆಮೇಲೆ ನಮ್ಮನ್ನು ಎಬ್ಬಿಸಿ, ಕೈಯಲ್ಲಿದ್ದ ಕೋಲನ್ನು ನನಗೆ ಕೊಟ್ಟು, "ನೀವು ಈ ಕಾಲಿಲೆ ಅಲ್ಲಿ ತನ ಮುಟ್ಟಂಗಿಲ್ಲ. ನಾ ಹೋಗಿ ನೋಡ್ಕೊಂಡು ಬರ್ತೀನಿ. ನೀವು ಒಂದೀಟು ಕುರಿ ನೋಡ್ಕೋರಿ" ಎಂದು ಮಂಟಪದ ಕಡೆಗೆ ಹೊರಟೇಬಿಟ್ಟಳು.

ಹೀಗೆ ನಾವು ಕುರಿ ಕಾಯಲು ನಿಂತೆವು. ಕುರಿಗಳಿಗೆ ನಮ್ಮ ಹಣೆಬರಹ ತಕ್ಷಣ ಗೊತ್ತಾಯಿತು. ಮುಂದಿನದೊಂದು ಪಕ್ಕದ ಹೆಸರುಕಾಳಿನ ಹೊಲದ ಕಡೆ ಮುಖ ಮಾಡಿತು, ಉಳಿದವೆಲ್ಲ ಅದರ ಹಿಂದೆ. "ಹೈ! ಹೈ!" ಎಂದು ನಾನು ಕೂಗಿದೆ, ಕೋಲು ಬೀಸಿದೆ. ಒಂದು ಕುರಿ ತಲೆ ಎತ್ತಿ ನನ್ನ ಪ್ಯಾಂಟನ್ನು ನೋಡಿ ಮತ್ತೆ ಮೇಯತೊಡಗಿತು. ನಾದಿನಿ ದುಪಟ್ಟಾ ಬಿಚ್ಚಿ ಬೀಸುತ್ತ ಬರಿಗಾಲಲ್ಲಿ ಅಡ್ಡ ಹೋದಳು. ಅವು ಅವಳ ಎರಡೂ ಪಕ್ಕದಿಂದ ನುಗ್ಗಿ ಹೋದವು. ಮಂಟಪದಿಂದ ಇದನ್ನು ಕಂಡ ಆ ಹೆಂಗಸು ಹೌಹಾರಿ ಓಡಿ ಬಂದಳು. ಬದು ಇಳಿಯುವಾಗ ಜಾರಿ ಅವಳೂ ಕೂತಳು. ಕೂತಲ್ಲಿಂದಲೇ ಎರಡು ಬೆರಳು ಬಾಯಿಗಿಟ್ಟು ಸಿಳ್ಳು ಹೊಡೆದಾಗ ಕುರಿಗಳು ಏನೂ ಆಗಿಲ್ಲವೆಂಬಂತೆ ಹಿಂದಿರುಗಿದವು.

"ಡಬ್ಬಿ ಸಿಕ್ಕತಾ?" ನಾದಿನಿ ಕೇಳಿದಳು.

"ಡಬ್ಬಿ ಇಲ್ಲ ಏನಿಲ್ಲ. ಒಂದ್ ಹಲ್ಲಿ ಐತಿ" ಎಂದಳು ಅವಳು. ಮೂವರೂ ಮತ್ತೆ ನಗತೊಡಗಿದೆವು.

ಅವಳ ಕೈ ಹಿಡಿದು, ಬದುವಿನ ಮೇಲೆ ಹೇಗೋ ನಡೆದು ಮಂಟಪ ಸೇರಿ, ಮಳೆ ನಿಲ್ಲುವ ತನಕ ಅಲ್ಲೇ ಒಟ್ಟಿಗೆ ಕೂತೆವು. ನಮ್ಮ ಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಅವಳ ಗಂಟಿನಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ. ಅದಲುಬದಲು ಮಾಡಿಕೊಂಡು ತಿಂದೆವು. ಅವಳು ನಮಗೂ ಹೊದಿಸಿದ ಒದ್ದೆ ಕಂಬಳಿಯ ಗಾಟು ಮೂಗಿಗೆ ಬಡಿಯುತ್ತಿತ್ತು, ಆದರೂ ಅದರೊಳಗಿನ ಬಿಸುಪು ಮಾತ್ರ ಬಿಡುವಂತಿರಲಿಲ್ಲ. ಆ ಡಬ್ಬಿ ಯಾವಾಗಲೋ ಕಳೆದುಹೋಗಿದೆ ಎಂದು ಬೇರೆ ಯಾರೋ ಬರೆದದ್ದನ್ನು ಆಮೇಲೆ ಫೋನಿನಲ್ಲಿ ಓದಿದೆವು.

ನಾದಿನಿ ಸುಮ್ಮನೆ ಕೂರುವವಳಲ್ಲ. ಮಾರನೆಯ ವಾರವೇ ಗಂಗಾವತಿಯಿಂದ ನೀಲಿ ತಾಡಪತ್ರಿ ತಂದಳು. ಅಕ್ಕಿ ಗಿರಣಿಗಳ ಮುಂದೆ ಚೀಲಗಳ ಮೇಲೆ ಹೊದಿಸುತ್ತಾರಲ್ಲ, ಅದೇ ದಪ್ಪ ಪ್ಲಾಸ್ಟಿಕ್ ಹಾಳೆ. "ಅಕ್ಕಿ ತೋಯಂಗಿಲ್ಲ ಅಂದ್ರ ನಾವ್ ಹ್ಯಾಂಗ ತೋಯ್ತೀವಿ?" ಎಂಬುದು ಅವಳ ವಾದ. ಹೊಲಿಗೆ ಯಂತ್ರದ ಸೂಜಿಗಳು ಪಟಪಟ ಮುರಿದವು. ಕೊನೆಗೆ ತಲೆಗೆ ಟೊಪ್ಪಿಗೆ, ಮೊಣಕಾಲು ದಾಟುವ ಅಂಗಿ, ಅದರಡಿ ಪಾಯಿಜಾಮ ಸಿದ್ಧವಾದವು, ನನಗೊಂದು ಜೋಡಿ, ಅವಳಿಗೊಂದು ಜೋಡಿ. ಅಣ್ಣನಿಗೂ ಹೊಲಿಯುತ್ತೇನೆ ಎಂದಾಗ ನನ್ನವರು, "ನಾ ಅಕ್ಕಿ ಚೀಲ ಅಲ್ಲ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡರು.

ಹೊಸ ಅಂಗಿ ತೊಟ್ಟು ಗಂಗಾವತಿಯ ಕಡೆಯ ಬಂಡೆಗುಡ್ಡಕ್ಕೆ ಹೋದೆವು. ಅಲ್ಲಿ ಚಹಾದಂಗಡಿ ಇರಲಿಲ್ಲವಾದ್ದರಿಂದ ನನ್ನವರೂ ಮೇಲೆ ಬರಬೇಕಾಯಿತು. ಮಳೆ ಜೋರಾಗಿಯೇ ಇತ್ತು. ಹೊರಗಿನ ಒಂದು ಹನಿಯೂ ಒಳಗೆ ಬರಲಿಲ್ಲ, ಆದರೆ ಒಳಗಿನ ಸೆಕೆಯೂ ಹೊರಗೆ ಹೋಗಲಿಲ್ಲ. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಇಡ್ಲಿ ಪಾತ್ರೆಯಲ್ಲಿ ಕೂತಂತೆ ಬೆವರು ಇಳಿಯತೊಡಗಿತು. ನಡೆದರೆ ಸರಬರ ಸರಬರ ಸದ್ದು, ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಗುಡ್ಡದ ಬುಡದ ಹಳ್ಳಿಯ ನಾಯಿಗಳು ಮೊದಲು ಬೊಗಳಿ, ಆಮೇಲೆ ನಮ್ಮನ್ನು ಸರಿಯಾಗಿ ನೋಡಿ ಓಡಿಹೋದವು.

ಅಲ್ಲಿ ಗುಡಿಸಲಿನ ಮುಂದೆ ಕೂತಿದ್ದ ಮುದುಕರೊಬ್ಬರು ಎದ್ದು ನಿಂತು ನಮಸ್ಕಾರ ಮಾಡಿದರು. "ಯಾವ ಇಲಾಖೆಯವರ್ರೀ?"

"ಯಾವ ಇಲಾಖೆನೂ ಅಲ್ರಿ" ಎಂದೆ.

"ಇರ್ಲಿ ಬಿಡ್ರಿ. ನಮ್ಮ ನಳದ ನೀರಿಂದು ಒಂಚೂರು ಬರಕೊಂಡು ಹೋಗ್ರಿ."

ನಾವು ಡಬ್ಬಿ ಹುಡುಕುವವರು ಎಂದು ನನ್ನವರು ತಿಳಿಸಿ ಹೇಳಿದರು. ಮುದುಕರು ನಂಬಿದಂತೆ ಕಾಣಲಿಲ್ಲ. ನಾವು ಮುಂದೆ ಹೋಗುವಾಗ ಅವರು, "ನೀಲಿ ಅಂಗಿಯವರು ಬಂದಾರ ಅಂದ್ರ ಕೆಲಸ ಆಗ್ತೈತಿ" ಎಂದು ಮನೆಯೊಳಗಿನವರಿಗೆ ಕೂಗಿ ಹೇಳುತ್ತಿದ್ದದ್ದು ಕೇಳಿಸಿತು.

ಮೇಲೆ ಒಂದು ಇಳಿಜಾರು ಬಂಡೆ. ಅದನ್ನು ದಾಟಲು ಹೆಜ್ಜೆ ಇಟ್ಟ ನಾದಿನಿ ಕಾಲು ಜಾರಿ ಕೂತಳು. ತಾಡಪತ್ರಿಗೂ ಒದ್ದೆ ಬಂಡೆಗೂ ಹಿಡಿತವೇ ಇರಲಿಲ್ಲ. "ವೈನೀ..." ಎಂಬ ಕೂಗಿನೊಂದಿಗೆ ಅವಳು ಕೂತ ಭಂಗಿಯಲ್ಲೇ ಜರ್ರನೆ ಇಳಿದು ಕೆಳಗಿನ ಹುಲ್ಲಿನ ಮೇಲೆ ಹೋಗಿ ಬಿದ್ದಳು. ನಾನು ಪಕ್ಕದ ದಾರಿಯಿಂದ ಗಡಬಡಿಸಿ ಇಳಿದು ಹೋಗಿ ನೋಡಿದರೆ ಪಾಯಿಜಾಮ ಹಿಂದಿನಿಂದ ಹರಿದಿತ್ತು, ಅವಳಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಮಳೆಯಲ್ಲಿ ಮುಖ ಮೇಲೆತ್ತಿ ನಗುತ್ತಿದ್ದಳು.

"ಭಾಳ ಛಲೋ ಆತು ವೈನಿ. ಸಣ್ಣಾಕಿದ್ದಾಗಿಂದ ಹಿಂಗ ಜಾರಿದ್ದೇ ಇಲ್ಲ. ನೀನೂ ಬಾ."

ನಾನು ಅತ್ತಿತ್ತ ನೋಡಿದೆ. ನನ್ನವರು ಆಗಲೇ ಮುಂದೆ ಹೋಗಿದ್ದರು, ಬೇರೆ ಯಾರೂ ಇರಲಿಲ್ಲ. ಮೇಲೆ ಹತ್ತಿ, ಕಣ್ಣು ಮುಚ್ಚಿ, ನಾನೂ ಜಾರಿದೆ. ಅಷ್ಟು ಜೋರಾಗಿ ನಾನು ಕಿರುಚಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಕಚೇರಿಯಲ್ಲಿ ನನ್ನ ದನಿ ಪಕ್ಕದ ಮೇಜಿಗೂ ಕೇಳುತ್ತಿರಲಿಲ್ಲ.

ಡಬ್ಬಿಗಾಗಿ ಎಷ್ಟೋ ಹೊತ್ತು ಹುಡುಕಿದೆವು. ಸಿಗಲಿಲ್ಲ. ಮಳೆಗೆ ಬೇಸತ್ತ ನನ್ನವರು ಎರಡು ಬಂಡೆಗಳ ನಡುವಿನ ಗವಿಯಂಥ ಜಾಗದಲ್ಲಿ ತಲೆಗೆ ಟವೆಲ್ಲು ಸುತ್ತಿಕೊಂಡು ನೆನೆಯದಂತೆ ಕೂತಿದ್ದರು. ಸೋತು ನಾವೂ ಅಲ್ಲಿಗೇ ಹೋದೆವು. "ಸರೀರಿ ಸ್ವಲ್ಪ" ಎಂದು ನಾನು ಪಕ್ಕಕ್ಕೆ ಒತ್ತಿದಾಗ ಅವರು, "ಬೆನ್ನಿಗೆ ಏನೋ ಆಗ್ಲಿಂದ ಚುಚ್ಚಾಕ ಹತ್ತೈತಿ" ಎಂದು ಕೈ ಹಿಂದೆ ಹಾಕಿ ತೆಗೆದರು. ಅದು ಡಬ್ಬಿ! ನಾದಿನಿ ಅಣ್ಣನ ಬೆನ್ನಿಗೆ ಗುದ್ದಿದಳು. ಅವರು ಮಾತ್ರ ಚೀಟಿಯ ಮೇಲೆ ದೊಡ್ಡದಾಗಿ ತಮ್ಮ ಸಹಿ ಹಾಕಿ, "ಶಾಂತಾಗಿ ಕುಂತವರಿಗೆ ಸಿಗ್ತೈತಿ" ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದರು.

ಆಮೇಲೆ ನಾದಿನಿ ತಾಡಪತ್ರಿ ಬಿಟ್ಟು ಕೊಡೆಯ ಕರಿ ಬಟ್ಟೆಯನ್ನು ಹಿಡಿದಳು. ತಲೆಯಿಂದ ಮೊಣಕಾಲಿನ ತನಕ ಬರುವ, ಪಕ್ಕಗಳು ತೆರೆದ, ಅಂಚಿಗೆ ಗುಂಡಿ ಇಟ್ಟ ನಿಲುವಂಗಿ. ಗಾಳಿ ಆಡುತ್ತಿತ್ತು, ಮಡಚಿದರೆ ಕೈಚೀಲದಲ್ಲಿ ಕೂರುತ್ತಿತ್ತು. ಕೆಳಗೆ ಬೇಗ ಒಣಗುವ ತೆಳು ಬಟ್ಟೆಯ, ಮೀನಖಂಡದವರೆಗಿನ ಪ್ಯಾಂಟು. ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ಒಂದು ಜೊತೆ ಒಣ ಬಟ್ಟೆ ಯಾವಾಗಲೂ ಬೆನ್ನ ಮೇಲಿರುತ್ತಿತ್ತು. ಈ ಸಲ ನನ್ನವರೂ ಸುಮ್ಮನೆ ಅಳತೆ ಕೊಟ್ಟರು.

ಈ ಉಡುಪಿನಲ್ಲಿ ನಾವು ಕುಷ್ಟಗಿಯ ಹತ್ತಿರದ ಒಂದು ಚಿಕ್ಕ ಗುಡ್ಡಕ್ಕೆ ಹೋದದ್ದು ನಮ್ಮದೇ ಡಬ್ಬಿಯನ್ನು ಬಚ್ಚಿಡಲು. ಬೆಳಗಿನಿಂದ ಜಿಟಿಜಿಟಿ ಮಳೆ. ನಾವು ಬೆಚ್ಚಗೆ, ನೆನೆಯದೆಯೇ ಇದ್ದೆವು. ಕಲ್ಲಿನ ಸಂದಿಯೊಳಗೆ ಸ್ಟೀಲ್ ಡಬ್ಬಿ ಇಟ್ಟು, ಅದರಲ್ಲಿ ಸಹಿಯ ಚೀಟಿಯ ಜೊತೆ, ಹುಡುಕಿದವರಿಗೊಂದು ನೆನಪಿಗೆಂದು ನಾದಿನಿಯ ಅಂಗಡಿಯ ಚೆಂದದ ಗುಂಡಿಗಳನ್ನು ಹಾಕಿ, ಹೆಮ್ಮೆಯಿಂದ ಇಳಿದು ಬಂದೆವು.

ಕೆಳಗೆ ಹಳ್ಳ ತುಂಬಿ ಬಂದಿತ್ತು. ಬಂದ ದಾರಿ ಮುಚ್ಚಿಹೋಗಿತ್ತು. ಆಚೆ ಸುತ್ತಿ ರಸ್ತೆಗೆ ಬಂದಾಗ, ಕಳೆ ತೆಗೆಯಲು ಹೋಗಿದ್ದ ಹೆಂಗಸರನ್ನು ತುಂಬಿಕೊಂಡ ಟ್ರ್ಯಾಕ್ಟರ್ ಬಂತು. ಹತ್ತಿಸಿಕೊಂಡರು. ಅಷ್ಟರಲ್ಲಿ ಮಳೆ ಒಮ್ಮೆಲೇ ಧೋ ಎಂದು ಸುರಿಯತೊಡಗಿತು. ಅವರ ತಲೆಯ ಮೇಲೆ ಸೆರಗು ಬಿಟ್ಟರೆ ಏನೂ ಇರಲಿಲ್ಲ. ಒಬ್ಬಳ ಮಡಿಲಲ್ಲಿ ಹಾಲುಗೂಸು ಬೇರೆ. ನಾದಿನಿ ತನ್ನ ನಿಲುವಂಗಿ ಕಳಚಿದಳು. ನಾನೂ, ನನ್ನವರೂ ಕಳಚಿದೆವು. ಮೂರನ್ನೂ ಗುಂಡಿ ಹಾಕಿ ಜೋಡಿಸಿ ಎಲ್ಲರ ತಲೆಯ ಮೇಲೆ ಚಪ್ಪರದ ಹಾಗೆ ಹಿಡಿದೆವು. ಅಂಚಿನಲ್ಲಿ ನಿಂತ ನಾವು ಮೂವರೂ ಪೂರ್ತಿ ನೆನೆದೆವು. ಟ್ರ್ಯಾಕ್ಟರ್ ಕುಣಿಗೆ ಇಳಿದಾಗಲೆಲ್ಲ ಚಪ್ಪರದಲ್ಲಿ ನಿಂತ ನೀರು ಯಾರದಾದರೂ ಕೊರಳಿಗೆ ಸುರಿಯುತ್ತಿತ್ತು, ಗಾಡಿ ತುಂಬ ಕೂಗು, ನಗು.

"ಇಂಥಾದ್ದೊಂದು ನನಗೂ ಹೊಲದು ಕೊಡ ಯವ್ವಾ" ಎಂದಳು ಕೂಸಿನ ತಾಯಿ.

"ಕೊರಳಿನ ಅಳತಿ ಕೊಡು ಮತ್ತ" ಎಂದ ನಾದಿನಿ, ಕುಲುಕಾಡುವ ಗಾಡಿಯಲ್ಲೇ ಗೇಣು ಹಾಕಿ ಅಳೆಯತೊಡಗಿದಳು.